ವೇಷದ ಆಟಗಳಲ್ಲಿ ಮೆಟ್ಟಲೂ ಕಾಠಿನ್ಯವೂ: ಒಂದು ಔಚಿತ್ಯವಿಚಾರ

೧. ವಿಷಯಪ್ರವೇಶ

ಭರತಮುನಿಯು ರಸವನ್ನು ನಿರೂಪಿಸಿದುದು ನಾಟ್ಯವನ್ನು ಕುರಿತು. ಆ ತತ್ತ್ವವನ್ನು ಶ್ರವ್ಯಕಾವ್ಯಕ್ಕೆ ವಿಸ್ತರಿಸಿ ಅದರ ಬಲದಿಂದ ಕಾವ್ಯದ ಸ್ವರೂಪವನ್ನು ನಿರ್ಣಯಿಸಿದವರು ಆನಂದವರ್ಧನಾದಿಗಳು. ಹೀಗೆ ಒಂದು ಪ್ರಕಾರಕ್ಕಾಗಿ ಹುಟ್ಟಿದ ಲಕ್ಷಣವನ್ನು ಬೇರೊಂದು ಪ್ರಕಾರಕ್ಕೆ ಒಡ್ಡಿ ಪರೀಕ್ಷಿಸುವುದು ನಮ್ಮ ಶಾಸ್ತ್ರಪರಂಪರೆಯಲ್ಲಿ ಅಪೂರ್ವವೇನೂ ಅಲ್ಲ. ಆದುದರಿಂದ ವೀಡಿಯೋ ಆಟವೊಂದನ್ನು ಲಕ್ಷ್ಯವಾಗಿಟ್ಟುಕೊಂಡು ಅಲಂಕಾರಶಾಸ್ತ್ರದ ಪರಿಭಾಷೆಯಿಂದ ವಿಮರ್ಶಿಸಹೊರಟರೆ ವಾಚಕಮಹಾಶಯರು ಅದನ್ನು ಅಸ್ಥಾನಚರ್ಚೆಯೆಂದು ಭಾವಿಸಲಾರರೆಂದು ನಂಬುತ್ತೇನೆ.

ಈ ಆಟಗಳಲ್ಲಿ ಆಡುವವನು ಕಲ್ಪಿತ ಲೋಕವೊಂದರ ವೀರನ ವೇಷವನ್ನು ಧರಿಸುತ್ತಾನೆ. ಕತ್ತಿವರಸೆ, ಮಂತ್ರ, ಮದ್ದು ಮೊದಲಾದುವನ್ನು ಅಭ್ಯಾಸಮಾಡುತ್ತಾನೆ. ಅಭ್ಯಾಸದ ಮೊತ್ತವು ಗೊತ್ತಾದ ಮಿತಿಯನ್ನು ಮುಟ್ಟಿದಾಗ ಒಂದು ಮೆಟ್ಟಲು ಏರುತ್ತಾನೆ. ತರುಣರು ಇದನ್ನು ‘ಲೆವೆಲ್’ ಎನ್ನುತ್ತಾರೆ. ಪಶ್ಚಿಮ ಬೆಂಗಳೂರಿನ ಲಗ್ಗೆರೆಯಲ್ಲಿ, ಪೀಣ್ಯದ ಕಾರ್ಖಾನೆಗಳಿಗೆ ಸಮೀಪವಾದ ನಮ್ಮ ಬೀದಿಗಳಲ್ಲಿ, ಕಾಲೇಜಿನ ಹುಡುಗರು ಈ ಲೆವೆಲ್ಲನ್ನು ಕುರಿತು ವಾದಿಸುವುದನ್ನು ಹಲವು ಬಾರಿ ಕೇಳಿದ್ದೇನೆ. ಅವರ ವಾದದ ಸಾರವು ಎರಡು ಮಾತುಗಳಲ್ಲಿ ಅಡಗಿದೆ. ನಾನು ಬೆಳೆದಂತೆಲ್ಲ ಶತ್ರುವೂ ಬೆಳೆಯುವುದಾದರೆ ನಾನು ಬೆಳೆದು ಏನು ಫಲ? ಇದು ಒಂದು ಪಕ್ಷ. ಶತ್ರುವು ಬೆಳೆಯದೆ ಇದ್ದಲ್ಲಿಯೇ ಇದ್ದರೆ ಆಡುವುದಕ್ಕೆ ಏನು ಉಳಿಯಿತು? ಇದು ಇನ್ನೊಂದು ಪಕ್ಷ.

ಆಟದ ನೆವದಿಂದ ಎದ್ದ ಈ ಪ್ರಶ್ನೆಯು ವಸ್ತುತಃ ನಾಯಕ-ಪ್ರತಿನಾಯಕರ ಉತ್ಕರ್ಷವನ್ನು ಕುರಿತ ಪ್ರಶ್ನೆ. ಇದನ್ನು ನಮ್ಮವರು ಬಹುಕಾಲದ ಹಿಂದೆಯೇ ವಿಚಾರಿಸಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ಇದರ ಉತ್ತರವು ಸಾಹಿತ್ಯವನ್ನು ಬೋಧಿಸುವ ನಮ್ಮ ವೃತ್ತಿಗೂ ನೇರವಾಗಿ ತಟ್ಟತಕ್ಕುದಾಗಿದೆ.

೨. ಲಕ್ಷ್ಯದ ಸ್ವರೂಪ

ಮೆಟ್ಟಲಿನ ಕ್ರಮವನ್ನು ಪ್ರಸಿದ್ಧಿಗೆ ತಂದುದು ೧೯೭೪ರಲ್ಲಿ ಅಮೆರಿಕೆಯಲ್ಲಿ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅದು ಯಂತ್ರವಿಲ್ಲದೆ, ಮೇಜಿನ ಸುತ್ತ ಕುಳಿತು, ದಾಳಗಳನ್ನು ಉರುಳಿಸಿ ಆಡುವ ಕಥಾಕ್ರೀಡೆ. ಅದರಿಂದ ಕಂಪ್ಯೂಟರಿಗೆ ಬಂದ ಪರಂಪರೆಯಲ್ಲಿ ನಮ್ಮ ಚರ್ಚೆಗೆ ಹೆಚ್ಚು ಉಪಯುಕ್ತವಾದುದು, ಬೆಥೆಸ್ಡಾ ಸಂಸ್ಥೆಯವರು ೨೦೦೬ರಲ್ಲಿ ಹೊರತಂದ ‘ಎಲ್ಡರ್ ಸ್ಕ್ರೋಲ್ಸ್’ ಮಾಲೆಯ ನಾಲ್ಕನೆಯ ಆಟವಾದ ‘ಆಬ್ಲಿವಿಯನ್’. ಶತ್ರುವಿನ ಬೆಳವಣಿಗೆಯ ವಾದವು ಈ ಆಟದ ವಿಷಯದಲ್ಲಿ ನಡೆದಷ್ಟು ತೀಕ್ಷ್ಣವಾಗಿ ಬೇರೆ ಕಡೆ ನಡೆದುದು ವಿರಳ.

ಅದರ ನಿಯಮವನ್ನು ಸಂಕ್ಷೇಪವಾಗಿ ನಿವೇದಿಸುತ್ತೇನೆ. ಒಟ್ಟು ೨೧ ವಿದ್ಯೆಗಳು. ಅವುಗಳಲ್ಲಿ ೭ನ್ನು ಆಡುವವನು ತನ್ನ ಪ್ರಧಾನವಿದ್ಯೆಗಳೆಂದು ಮೊದಲೇ ಆರಿಸಿಕೊಳ್ಳಬೇಕು. ಪ್ರಧಾನವಿದ್ಯೆಗಳಲ್ಲಿ ಒಟ್ಟು ೧೦ ವೃದ್ಧಿಗಳಾದ ಮೇಲೆ ವೀರನು ಮಲಗಿ ನಿದ್ರಿಸಿದರೆ ಒಂದು ಮೆಟ್ಟಲು ಏರುತ್ತಾನೆ. ಏರಿದಾಗ ಬಲ, ಬುದ್ಧಿ, ಚುರುಕು ಮೊದಲಾದ ೮ ಗುಣಗಳಲ್ಲಿ ೩ನ್ನು ಹೆಚ್ಚಿಸಿಕೊಳ್ಳಬಹುದು. ಅದೃಷ್ಟವೆಂಬ ಒಂದನ್ನು ಬಿಟ್ಟರೆ ಉಳಿದುವುಗಳ ಹೆಚ್ಚಳವು ೧ರಿಂದ ೫ರ ವರೆಗೆ ಎಷ್ಟಾದರೂ ಆಗಬಹುದು. ಆಯಾ ಗುಣಕ್ಕೆ ಸೇರಿದ ವಿದ್ಯೆಗಳನ್ನು ಆ ಮೆಟ್ಟಲಿನಲ್ಲಿ ಎಷ್ಟು ಬಾರಿ ವೃದ್ಧಿಗೊಳಿಸಲಾಗಿತ್ತೆಂಬುದು ಅದನ್ನು ನಿರ್ಣಯಿಸುತ್ತದೆ. ಇಷ್ಟಾದರೆ ಬಾಧಕವೇನೂ ಇರಲಿಲ್ಲ. ಆದರೆ ವೀರನು ಮೆಟ್ಟಲೇರಿದಂತೆ ಲೋಕದಲ್ಲಿರುವ ಬಹುಪಾಲು ಶತ್ರುಗಳೂ ಏರುತ್ತಾರೆ. ತೋಳವಿದ್ದ ಕಾಡಿನಲ್ಲಿ ಕರಡಿಗಳು ಕಾಣಿಸುತ್ತವೆ. ದಾರಿಗಳ್ಳರು ಮೊದಲು ಚರ್ಮದ ಹರಕುಕವಚವನ್ನು ತೊಟ್ಟವರು, ಆ ಲೋಕದಲ್ಲಿ ‘ಗಾಜಿನ ಕವಚ’ವೆಂಬುದೊಂದು ಮಹಾರ್ಘವಸ್ತು, ಅದನ್ನು ತೊಟ್ಟುಕೊಂಡು ಬಂದು ಅದೇ ದಾರಿಯಲ್ಲಿ ನಿಂತು, ೧೦೦ ಚಿನ್ನದ ನಾಣ್ಯಗಳನ್ನು ಕೊಡು ಎಂದು ಬೇಡುತ್ತಾರೆ. ಕವಚವನ್ನು ಮಾರಿದರೆ ಅವರು ಕಳ್ಳತನವನ್ನೇ ಬಿಡಬಹುದಾಗಿತ್ತೆಂದು ಆಟಗಾರರು ಪರಿಹಾಸ ಮಾಡುವುದುಂಟು.

ಇದರಿಂದ ಒಂದು ವಿಪರೀತ ಫಲವುಂಟಾಯಿತು. ಕತ್ತಿಯಿಂದ ಹೋರಾಡುವವನು ಸಹಜವಾಗಿ ಕತ್ತಿವರಸೆಯನ್ನೇ ಪ್ರಧಾನವಿದ್ಯೆಯೆಂದು ಆರಿಸಿಕೊಂಡರೆ ಅವನು ಬೇಗಬೇಗನೆ ಮೆಟ್ಟಲೇರುವನು. ಆದರೆ ಗುಣಗಳ ಹೆಚ್ಚಳವು ಅಲ್ಪವಾಗುವುದು. ಶತ್ರುಗಳು ಮಾತ್ರ ಪೂರ್ಣವಾಗಿ ಬೆಳೆದಿರುವರು. ಏರಿದವನು ಏರಿದುದರಿಂದಲೇ ದುರ್ಬಲನಾದನು! ಇದನ್ನು ಕಂಡುಕೊಂಡ ಚತುರರು ತಾವು ಬಳಸದ ವಿದ್ಯೆಗಳನ್ನೇ ಪ್ರಧಾನವೆಂದು ಆರಿಸಿಕೊಳ್ಳತೊಡಗಿದರು. ಒಂದೊಂದು ವೃದ್ಧಿಯನ್ನೂ ಕಾಗದದ ಮೇಲೆ ಲೆಕ್ಕ ಬರೆದಿಟ್ಟುಕೊಂಡರು. ಕೆಲವರು ನಿದ್ರೆಯನ್ನೇ ವರ್ಜಿಸಿ ಅತಿ ಕೆಳಗಿನ ಮೆಟ್ಟಲಲ್ಲಿ ನಿಂತು ಕಥೆಯನ್ನು ಮುಗಿಸಿದರು. ನಾಯಕನು ಬೆಳೆಯದಿರುವುದೇ ವಿಜಯೋಪಾಯವಾದ ವೀರಕಥೆಯನ್ನು ನಮ್ಮ ಆಲಂಕಾರಿಕರು ಕಂಡಿದ್ದರೆ ಏನೆಂದು ಹೆಸರಿಡುತ್ತಿದ್ದರೋ!

೩. ಪೂರ್ವಪಕ್ಷ

ಶತ್ರುವು ಬೆಳೆಯಲೇಬೇಕೆನ್ನುವವರ ಪಕ್ಷವು ಸುಲಭವಾಗಿ ತಳ್ಳಿಹಾಕತಕ್ಕುದಲ್ಲ. ವೀರರಸಕ್ಕೆ ಉತ್ಸಾಹವು ಸ್ಥಾಯಿ. ಅದಕ್ಕೆ ಪ್ರತಿನಾಯಕನು ಆಲಂಬನ. ಆಲಂಬನವು ನಿಸ್ಸತ್ತ್ವವಾದರೆ ಉತ್ಸಾಹವು ನಿಲ್ಲಲಾರದು. ಇಲಿಯನ್ನು ಕೊಂದ ಸಿಂಹವನ್ನು ಯಾವ ಕವಿಯೂ ಹೊಗಳುವುದಿಲ್ಲ. ದಂಡಿಯು ಕಾವ್ಯಾದರ್ಶದ ಪ್ರಥಮಪರಿಚ್ಛೇದದಲ್ಲಿ ನಾಯಕೋತ್ಕರ್ಷಕ್ಕೆ ಎರಡು ಮಾರ್ಗಗಳನ್ನು ಹೇಳುತ್ತಾನೆ. ಮೊದಲು ನಾಯಕನ ಗುಣಗಳನ್ನು ವರ್ಣಿಸಿ, ಅನಂತರ ಅವನಿಂದ ಶತ್ರುನಿರಾಕರಣವನ್ನು ಹೇಳುವುದು ಒಂದು. ಶತ್ರುವಿನ ವಂಶ, ವೀರ್ಯ, ವಿದ್ಯೆ ಮೊದಲಾದುವನ್ನೂ ವರ್ಣಿಸಿ, ಅಂತಹವನನ್ನು ಗೆದ್ದುದರಿಂದ ನಾಯಕನ ಹಿರಿಮೆಯನ್ನು ತೋರಿಸುವುದು ಇನ್ನೊಂದು. ಈ ಎರಡನೆಯದೂ ತನಗೆ ಸಂತೋಷವನ್ನೀಯುವುದೆಂದು ಅವನು ಒಪ್ಪುತ್ತಾನೆ. ‘ಆಬ್ಲಿವಿಯನ್’ ಆಟದ ಕರ್ತೃಗಳು ಮಾಡಿದುದು ಈ ಎರಡನೆಯ ಮಾರ್ಗವಲ್ಲದೆ ಮತ್ತೇನು? ಆಟಗಾರನು ವಿಶಾಲವಾದ ಲೋಕದಲ್ಲಿ ಯಾವ ದಿಕ್ಕಿಗೆ ಬೇಕಾದರೂ ಹೋಗಬಹುದು. ಹೋದಲ್ಲೆಲ್ಲ ಅವನಿಗೆ ಸಮಬಲನಾದ ಪ್ರತಿನಾಯಕನು ಸಿಕ್ಕಬೇಕಾದರೆ, ಶತ್ರುವನ್ನು ಅವನ ಅಳತೆಗೆ ಹೊಲಿಯದೆ ಗತ್ಯಂತರವಿಲ್ಲ. ಇದು ಪೂರ್ವಪಕ್ಷ.

೪. ಸಿದ್ಧಾಂತ

ಇದಕ್ಕೆ ಸಮಾಧಾನ. ದಂಡಿಯು ವರ್ಣಿಸಬೇಕೆಂದ ವಂಶ, ವೀರ್ಯ, ವಿದ್ಯೆಗಳು ಶತ್ರುವಿನವು; ನಾಯಕನಿಂದ ಸಾಲವಾಗಿ ಪಡೆದುವಲ್ಲ. ಶತ್ರುವಿನ ಹಿರಿಮೆಯು ಸ್ವತಃಸಿದ್ಧವಾಗಿದ್ದರೆ ಮಾತ್ರ ಅದು ನಾಯಕನ ಹಿರಿಮೆಗೆ ಅಳತೆಗೋಲಾದೀತು. ನಾಯಕನ ಹಿರಿಮೆಯನ್ನು ಶತ್ರುವಿನಿಂದ ಅಳೆಯುವುದು, ಶತ್ರುವಿನ ಹಿರಿಮೆಯನ್ನು ನಾಯಕನಿಂದ ನಿರ್ಣಯಿಸುವುದು ಎಂದಾದರೆ, ನೈಯಾಯಿಕರು ಹೇಳುವ ಅನ್ಯೋನ್ಯಾಶ್ರಯದೋಷವು ಪ್ರಾಪ್ತವಾಗುತ್ತದೆ. ಎರಡು ತಟ್ಟೆಗಳಲ್ಲಿಯೂ ಸರಕನ್ನೇ ಇಟ್ಟು, ತೂಕದ ಬಟ್ಟನ್ನು ಮರೆತ ವ್ಯಾಪಾರಿಯ ಹಾಗೆ ಆಟವು ಯಾವುದನ್ನೂ ತೂಗಲಾರದು. ಆಟಗಾರರು ‘ಬೆಳೆದು ಏನು ಫಲ’ ಎಂದುದರ ಶಾಸ್ತ್ರೀಯ ರೂಪವು ಇದೇ.

ಹಾಗಾದರೆ ಶತ್ರುವು ಬೆಳೆಯಲೇಬಾರದೆ? ಬೆಳೆಯಬಹುದು, ಬೆಳವಣಿಗೆಗೆ ಅವನದೇ ಆದ ಹೇತುವಿರಬೇಕು. ಇದಕ್ಕೆ ಮಹಾಭಾರತದ ಶಲ್ಯಪರ್ವದಲ್ಲಿ ಪರಮೋದಾಹರಣೆಯಿದೆ. ಮಡುವಿನಿಂದೆದ್ದ ದುರ್ಯೋಧನನಿಗೆ, ನಮ್ಮಲ್ಲಿ ಒಬ್ಬನನ್ನು ಗೆದ್ದರೂ ರಾಜ್ಯವು ನಿನ್ನದು ಎಂದು ಧರ್ಮರಾಜನು ಮಾತುಕೊಟ್ಟಾಗ, ಶ್ರೀಕೃಷ್ಣನು ಅವನನ್ನು ಆಕ್ಷೇಪಿಸುತ್ತಾನೆ. ಈ ದುರ್ಯೋಧನನು ಭೀಮನನ್ನು ಕೊಲ್ಲುವ ಉದ್ದೇಶದಿಂದ ಹದಿಮೂರು ವರ್ಷಗಳ ಕಾಲ ಉಕ್ಕಿನ ಪುರುಷಪ್ರತಿಮೆಯ ಮೇಲೆ ಗದೆಯನ್ನು ಅಭ್ಯಾಸಮಾಡಿದ್ದಾನೆ. ಭೀಮನು ಬಲಶಾಲಿ, ದುರ್ಯೋಧನನು ಕೃತಾಭ್ಯಾಸ. ಇವರಿಬ್ಬರಲ್ಲಿ ಕೃತಾಭ್ಯಾಸನೇ ಮಿಗಿಲು ಎಂಬುದು ಅವನ ಮಾತಿನ ತಾತ್ಪರ್ಯ. ಪಾಂಡವರು ವನವಾಸ ಅಜ್ಞಾತವಾಸಗಳಲ್ಲಿ ಬೆಳೆದ ಆ ಹದಿಮೂರು ವರ್ಷಗಳೇ ಶತ್ರುವೂ ಬೆಳೆದ ಹದಿಮೂರು ವರ್ಷಗಳು. ಆದರೆ ಅವನು ಬೆಳೆದುದು ಭೀಮನು ಬೆಳೆದನೆಂಬ ಕಾರಣದಿಂದಲ್ಲ; ದಿನದಿನವೂ ತಾನು ಸುರಿಸಿದ ಬೆವರಿನಿಂದ. ಆ ಉಕ್ಕಿನ ಪ್ರತಿಮೆಯ ವಾರ್ತೆಯನ್ನು ಕೇಳಿದೊಡನೆಯೇ ಗದಾಯುದ್ಧದ ಕಾಠಿನ್ಯವು ನಮಗೆ ನ್ಯಾಯವಾಗಿ ತೋರುತ್ತದೆ. ಕಡೆಗೆ ಭೀಮನು ಗೆದ್ದುದು ತೊಡೆಗೆ ಹೊಡೆದು; ಬಲದ ಮೆಟ್ಟಲೊಂದೇ ಅವನಿಗೆ ಸಾಲಲಿಲ್ಲ. ರನ್ನನು ಈ ಪ್ರತಿನಾಯಕನ ಮಹತ್ತ್ವವನ್ನು ಎಷ್ಟು ಎತ್ತಿ ನಿಲ್ಲಿಸಿದನೆಂದರೆ, ೧೯೨೬ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ‘ಗದಾಯುದ್ಧ ನಾಟಕಂ’ ರಚಿಸುವಾಗ ಅವನನ್ನೇ ದುರಂತನಾಯಕನನ್ನಾಗಿ ಕಾಣಲು ಸಾಧ್ಯವಾಯಿತು. ಭೀಮನ ನೆರಳಾಗಿ ಮಾತ್ರ ಬೆಳೆದಿದ್ದ ದುರ್ಯೋಧನನು ಈ ಪದವಿಗೆ ಏರುತ್ತಿರಲಿಲ್ಲ.

ಗಾಜಿನ ಕವಚದ ದಾರಿಗಳ್ಳನಿಗೆ ಇಂತಹ ಉಕ್ಕಿನ ಪ್ರತಿಮೆಯಿಲ್ಲ. ಆ ಕವಚ ಅವನಿಗೆ ಎಲ್ಲಿಂದ ಬಂತೆಂಬುದನ್ನು ಕಥೆಯು ಹೇಳುವುದಿಲ್ಲ. ಹೇತುವಿಲ್ಲದ ಈ ಉತ್ಕರ್ಷವೇ ಕ್ಷೇಮೇಂದ್ರನ ಮತದಂತೆ ಅನೌಚಿತ್ಯವೆನಿಸತಕ್ಕುದು. ಕಾಠಿನ್ಯವು ಹೆಚ್ಚಾಯಿತೆಂಬುದು ದೋಷವಲ್ಲ. ಕಾಠಿನ್ಯಕ್ಕೆ ಕಥೆಯಲ್ಲಿ ಬೇರಿಲ್ಲವೆಂಬುದು ದೋಷ.

ನಾಯಕನ ಅಳತೆಗೇ ನಿಲ್ಲುವ ಪ್ರತಿದ್ವಂದ್ವಿಯು ಉಚಿತನಾಗುವ ಸಂದರ್ಭವೂ ಒಂದುಂಟು. ಭಾರವಿಯ ಕಿರಾತಾರ್ಜುನೀಯದಲ್ಲಿ ಅರ್ಜುನನು ತಪಸ್ಸಿನಿಂದ ಮೇಲೇರಿದ ಮೇಲೆ ಅವನಿಗೆ ಇದಿರಾದವನು ಬೇಡನ ವೇಷದ ಶಿವ. ಬಾಣಗಳು ಬರಿದಾದರೆ ಕತ್ತಿ, ಕತ್ತಿಯು ಹೋದರೆ ಬಂಡೆ ಮತ್ತು ಮರ, ಅವೂ ಹೋದರೆ ಬರಿಯ ತೋಳು. ಹೀಗೆ ಹದಿನೆಂಟನೆಯ ಸರ್ಗದವರೆಗೂ ಬೇಡನು ಅರ್ಜುನನಿಗೆ ಸರಿಗಟ್ಟಿಯೇ ನಿಲ್ಲುತ್ತಾನೆ. ತ್ರಿಪುರಗಳನ್ನು ದಹಿಸಿದವನು ಒಬ್ಬ ತಾಪಸನ ಅಳತೆಗೆ ಇಳಿದುದೇಕೆ? ಅವನು ಪರೀಕ್ಷಕನಾದುದರಿಂದ. ಪರೀಕ್ಷೆ ಮುಗಿದೊಡನೆ ವೇಷವನ್ನು ಕಳಚಿ, ಪಾಶುಪತವನ್ನು ಕೊಡುತ್ತಾನೆ. ಸರಿಸಮವಾಗಿ ಬೆಳೆಯುವ ಶತ್ರುವು ಕಥೆಯಲ್ಲಿ ಒಂದೆಡೆ ಪರೀಕ್ಷಕನಾಗಿ ನಿಂತರೆ ಅಲಂಕಾರ. ಕಾಡಿನ ಪ್ರತಿಯೊಂದು ತೋಳವೂ ಬೇಡನ ವೇಷದ ಶಿವನಾದರೆ ಅರ್ಜುನನು ಎಂದಿಗೂ ಇಂದ್ರಕೀಲದಿಂದ ಇಳಿಯಲಾರನು.

೫. ವೇಷಧಾರಿಯ ವೃದ್ಧಿ, ವೇಷದ ವೃದ್ಧಿ

ಇಲ್ಲಿ ಇನ್ನೊಂದು ವಿವೇಕವನ್ನು ಮಾಡಿಕೊಳ್ಳಬೇಕು. ಬೆಳೆಯುವವನು ಯಾರು? ವೇಷವೋ ವೇಷಧಾರಿಯೋ? ನಮ್ಮ ಹಳ್ಳಿಗಳ ಹುಲಿ-ಕುರಿ ಆಟದಲ್ಲಿ ಮೂರು ಹುಲಿಗಳೂ ಹದಿನೈದು ಕುರಿಗಳೂ ಇದ್ದರೆ, ಕುರಿಯು ಎಷ್ಟು ಹೊತ್ತು ಆಡಿದರೂ ಕುರಿಯೇ, ಅದಕ್ಕೆ ಮೆಟ್ಟಲಿಲ್ಲ. ಬೆಳೆಯುವುದು ಕುರಿಗಳನ್ನು ನಡೆಸುವವನ ಜಾಣ್ಮೆ. ಪರಮಪದಸೋಪಾನಪಟದಲ್ಲಿ ಏಣಿಗಳೂ ಹಾವುಗಳೂ ಸ್ಥಿರವಾಗಿವೆ. ಅರಸನಿಗೂ ಆಳಿಗೂ ಒಂದೇ ಹಾವು. ಏರಿಳಿತವು ದಾಳಕ್ಕೆ ಅಧೀನ. ವೇಷವಾಗಲಿ ವೇಷಧಾರಿಯಾಗಲಿ ಬೆಳೆಯುವುದಿಲ್ಲ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಇಂತಹ ಪಟದ ಆಟಗಳಲ್ಲಿ ವಿಶೇಷ ಕುತೂಹಲವುಳ್ಳವರಾಗಿ ಹಲವನ್ನು ತಾವೇ ರಚಿಸಿದರೆಂಬುದೂ, ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಾನ ದೊರೆತಿದೆಯೆಂಬುದೂ ವಿದ್ವಾಂಸರಿಗೆ ವಿದಿತವೇ ಇದೆ.

ವೇಷ ಮತ್ತು ವೇಷಧಾರಿ ಇಬ್ಬರೂ ಒಟ್ಟಿಗೆ ಏರುವ ದೃಷ್ಟಾಂತವು ಕರಾವಳಿಯ ಯಕ್ಷಗಾನದ ಮೇಳಗಳಲ್ಲಿ ದೊರೆಯುತ್ತದೆ. ಹೊಸಬನು ಕೋಡಂಗಿಯಾಗಿ ರಂಗಕ್ಕೆ ಬಂದು, ಬಾಲಗೋಪಾಲನಾಗಿ ಹೆಜ್ಜೆ ಕಲಿತು, ಕ್ರಮವಾಗಿ ಪುಂಡುವೇಷಕ್ಕೂ, ಬಹುವರ್ಷಗಳ ಅಭ್ಯಾಸದ ಮೇಲೆ ಎದುರುವೇಷಕ್ಕೂ ಏರುವುದು ಸಂಪ್ರದಾಯ. ಅಭಿಮನ್ಯುವಿನ ವೇಷವು ಕೇಳುವ ಕುಣಿತವು, ಈ ವರ್ಷ ಅದನ್ನು ಕಟ್ಟಿದ ಹುಡುಗನ ಕಾಲಬಲವನ್ನು ನೋಡಿ ಇಳಿಯುವುದಿಲ್ಲ. ವೇಷದ ಅಳತೆಯು ಸ್ಥಿರ. ಅದನ್ನು ತುಂಬಲು ಹುಡುಗನು ಬೆಳೆಯಬೇಕು.

ಮೆಟ್ಟಲೇರಿದ ಸುಖವು ಯಥಾರ್ಥವಾಗಿ ಅನುಭವಕ್ಕೆ ಬರುವುದು ಮೇಲೆ ನೋಡಿದಾಗಲ್ಲ, ಹಿಂದಿರುಗಿ ಬಂದಾಗ. ಸಂಸ್ಕೃತಪಾಠಶಾಲೆಯಲ್ಲಿ ಓದಿದವರು ಬಲ್ಲರು: ರಘುವಂಶ, ಕುಮಾರಸಂಭವ, ಕಿರಾತ, ಮಾಘ, ನೈಷಧ ಎಂಬುದು ಪಂಚಕಾವ್ಯಗಳ ಮೆಟ್ಟಲು. ಮೊದಲನೆಯ ವರ್ಷ ರಘುವಂಶದ ಒಂದು ಶ್ಲೋಕಕ್ಕೆ ಅನ್ವಯ ಹೇಳಲು ಬೆವರಿದ ವಿದ್ಯಾರ್ಥಿಯು, ನೈಷಧದ ಗ್ರಂಥಿಗಳನ್ನು ಬಿಡಿಸಿದ ಮೇಲೆ ಮರಳಿ ರಘುವಂಶವನ್ನು ತೆರೆದರೆ ಅದು ತಿಳಿನೀರಾಗಿರುತ್ತದೆ. ಶ್ಲೋಕವು ಬದಲಾಗಿಲ್ಲ; ಬದಲಾದವನು ತಾನು. ಈ ಪ್ರತ್ಯಭಿಜ್ಞೆಯೇ ಅಭ್ಯಾಸದ ಫಲ. ಅವನ ಬೆನ್ನಹಿಂದೆ ರಘುವಂಶವೂ ನೈಷಧದಷ್ಟು ಕಠಿನವಾಗಿಬಿಟ್ಟಿದ್ದರೆ ತಾನು ಏನನ್ನು ಕಲಿತೆನೆಂಬುದು ಅವನಿಗೆ ಎಂದಿಗೂ ತಿಳಿಯುತ್ತಿರಲಿಲ್ಲ. ತೋಳಗಳ ಜಾಗದಲ್ಲಿ ಕರಡಿಗಳನ್ನು ನಿಲ್ಲಿಸಿದ ಆಟವು ಆಟಗಾರನಿಂದ ಕಸಿದುಕೊಂಡುದು ಈ ಪ್ರತ್ಯಭಿಜ್ಞೆಯನ್ನು.

೬. ಕಾಠಿನ್ಯದ ಅಧಿಕಾರ ಯಾರದು?

ಇನ್ನು ಎರಡನೆಯ ವಿವಾದ. ಕಾಠಿನ್ಯವನ್ನು ನಿರ್ಣಯಿಸುವವನು ಕರ್ತೃವೋ ಭೋಕ್ತೃವೋ? ‘ಆಬ್ಲಿವಿಯನ್’ ಆಟದಲ್ಲಿ ಒಂದು ಸರಿಗೋಲನ್ನು ಅತ್ತಿತ್ತ ಎಳೆದು ಕಾಠಿನ್ಯವನ್ನು ಏರಿಸಬಹುದು, ಇಳಿಸಬಹುದು. ೨೦೨೫ರ ಏಪ್ರಿಲ್‌ನಲ್ಲಿ ಅದರ ಜೀರ್ಣೋದ್ಧಾರದ ರೂಪವು ಪ್ರಕಟವಾದಾಗ ಗುಣವೃದ್ಧಿಯ ಕ್ರಮವನ್ನು ತಿದ್ದಲಾಯಿತು: ಮೆಟ್ಟಲೇರಿದವನಿಗೆ ೧೨ ಅಂಕಗಳು ನಿಶ್ಚಿತ, ಅವನ್ನು ತಾನೇ ಹಂಚಿಕೊಳ್ಳಬಹುದು. ಲೆಕ್ಕದ ಕಾಗದವು ಅನಾವಶ್ಯಕವಾಯಿತು. ಸರಿಗೋಲಿನ ಬದಲು ಹೆಸರಿಟ್ಟ ಐದು ಕಾಠಿನ್ಯಗಳು ಬಂದುವು. ಆಗ ಎದ್ದ ಆಕ್ಷೇಪವೇನೆಂದರೆ, ಮೂರನೆಯದು ತೀರ ಸುಲಭ, ನಾಲ್ಕನೆಯದು ದುಸ್ಸಹ, ನಡುವೆ ಕಾಲಿಡಲು ಮೆಟ್ಟಲಿಲ್ಲ ಎಂದು. ನಡುವೆ ಇನ್ನೊಂದನ್ನು ಸೇರಿಸಬೇಕಾಯಿತು.

ಈ ವಿವಾದವೂ ನಮ್ಮಲ್ಲಿ ಹಳೆಯದು. ಭಟ್ಟಿಯು ತನ್ನ ಕಾವ್ಯದ ಕೊನೆಯಲ್ಲಿ, ಇದು ವ್ಯಾಖ್ಯಾನದಿಂದ ತಿಳಿಯತಕ್ಕುದು, ಬುದ್ಧಿವಂತರಿಗೆ ಉತ್ಸವ, ಮಂದಮತಿಗಳಿಗೆ ಇಲ್ಲಿ ಎಡೆಯಿಲ್ಲವೆಂಬ ಭಾವವನ್ನು ಪ್ರಕಟಿಸುತ್ತಾನೆ. ಭಾಮಹನಾದರೋ, ಕಾವ್ಯವೂ ಶಾಸ್ತ್ರದಂತೆ ವ್ಯಾಖ್ಯಾನಾಪೇಕ್ಷಿಯಾದರೆ ಉತ್ಸವವು ಪಂಡಿತರಿಗೆ ಮಾತ್ರ, ಉಳಿದವರ ಗತಿ ಶೋಚನೀಯವೆಂದು ಮರುಗುತ್ತಾನೆ. ಕಾಠಿನ್ಯವನ್ನು ಇಳಿಸಕೂಡದೆನ್ನುವ ಆಟಗಾರನು ಭಟ್ಟಿಯ ಪಕ್ಷ. ಎಲ್ಲರೂ ಕಥೆಯನ್ನು ಕಾಣಲೆನ್ನುವವನು ಭಾಮಹನ ಪಕ್ಷ.

ಇಬ್ಬರ ನಡುವೆ ದಾರಿಯನ್ನು ತೋರಿಸಿದವನು ಮಲ್ಲಿನಾಥ. ಭಾರವಿಯ ಮಾತು ತೆಂಗಿನಕಾಯಿಯಂತೆ, ಅದನ್ನು ತಾನು ಒಡೆದುಕೊಡುವೆನೆಂಬುದು ಅವನ ಪ್ರತಿಜ್ಞೆ. ಆ ವ್ಯಾಖ್ಯಾನಕ್ಕೆ ಅವನಿಟ್ಟ ಹೆಸರು ‘ಘಂಟಾಪಥ’, ಎಂದರೆ ರಾಜಮಾರ್ಗ. ಅವನು ತೆಂಗಿನಕಾಯಿಯನ್ನು ಒಡೆದನೇ ಹೊರತು, ಅದನ್ನು ತೆಗೆದಿಟ್ಟು ಬಾಳೆಯಹಣ್ಣನ್ನು ಕೈಗಿಡಲಿಲ್ಲ. ಮೂಲದ ಒಂದಕ್ಷರವನ್ನೂ ಇಳಿಸದೆ ಓದುಗನನ್ನು ಏರಿಸಿದನು. ಸರಿಗೋಲಿನ ಕಾಠಿನ್ಯವಾದರೋ ಶತ್ರುವಿನ ಪೆಟ್ಟನ್ನೂ ನಾಯಕನ ಪೆಟ್ಟನ್ನೂ ಗುಣಿಸುವ, ಭಾಗಿಸುವ ಗಣಿತ ಮಾತ್ರ. ಅದು ಪರಿಮಾಣವನ್ನು ಬದಲಿಸುತ್ತದೆ, ಬೋಧೆಯನ್ನು ಕೊಡುವುದಿಲ್ಲ.

ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯವರು ೨೦೨೨ರಲ್ಲಿ ಪ್ರಕಟಿಸಿದ ‘ಎಲ್ಡನ್ ರಿಂಗ್’ ಆಟವು ಇಲ್ಲಿ ಸ್ಮರಣೀಯ. ಅದರಲ್ಲಿ ಕಾಠಿನ್ಯದ ಸರಿಗೋಲೇ ಇಲ್ಲ. ಕೋಟೆಯ ಬಾಗಿಲಲ್ಲಿ ಆರಂಭದಲ್ಲಿಯೇ ಒಬ್ಬ ದುರ್ಧರ್ಷನಾದ ಶತ್ರುವು ನಿಂತಿರುತ್ತಾನೆ. ಅವನ ಬಲವು ಆಟಗಾರನನ್ನು ನೋಡಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಸೋತವನು ಬೇರೆ ದಿಕ್ಕಿಗೆ ಹೋಗಿ, ಬಲವನ್ನು ಗಳಿಸಿ, ಸಹಾಯಕರನ್ನು ಕೂಡಿಸಿಕೊಂಡು ಮರಳಿ ಬರಬಹುದು. ಉಪಾಯಗಳೆಲ್ಲ ಕಥೆಯ ಒಳಗೇ ಇವೆ. ಸ್ಥಿರವಾದ ಅಳತೆಗೋಲೂ ವ್ಯಾಖ್ಯಾನದ ನೆರವೂ ಎರಡೂ ಇಲ್ಲಿ ಸೇರಿವೆ. ಆದರೂ ಕೈ ಕಣ್ಣುಗಳ ಶಕ್ತಿ ಕುಂದಿದವನು ಈ ಬಾಗಿಲನ್ನು ಹೇಗೆ ದಾಟಬೇಕೆಂಬ ಭಾಮಹನ ಮರುಕಕ್ಕೆ ಅದು ಪೂರ್ಣವಾದ ಉತ್ತರವಲ್ಲ. ಅಂತಹವನಿಗೆ ಸರಿಗೋಲೇ ಊರುಗೋಲು. ಅದನ್ನು ಅವನಿಂದ ಕಸಿಯುವುದು ಪಾಂಡಿತ್ಯವಲ್ಲ, ನಿರ್ದಯತೆ.

೭. ಉಪಸಂಹಾರ

ಇಷ್ಟರಿಂದ ನಿಷ್ಪನ್ನವಾದ ಅರ್ಥವಿದು. ಕಾಠಿನ್ಯವು ಸ್ಥಳದ ಧರ್ಮವಾಗಿರಬೇಕು, ನಾಯಕನ ನೆರಳಾಗಿರಬಾರದು. ಶತ್ರುವು ಬೆಳೆಯುವುದಾದರೆ ಅವನಿಗೂ ಒಂದು ಉಕ್ಕಿನ ಪ್ರತಿಮೆಯಿರಬೇಕು. ಸರಿಸಮವಾಗಿ ನಿಲ್ಲುವವನು ಪರೀಕ್ಷಕನಾಗಿರಬೇಕು, ಪರೀಕ್ಷೆಯು ಮುಗಿಯಬೇಕು. ನೆರವು ಆಟಗಾರನನ್ನು ಏರಿಸಲಿ. ಮೂಲವನ್ನು ಇಳಿಸುವುದು ಅಶಕ್ತರಿಗಾಗಿ ಮೀಸಲಾದ ಆಪದ್ಧರ್ಮವಾಗಿರಲಿ.

ಈ ನಿರ್ಣಯವು ಆಟ ಕಟ್ಟುವವರಿಗೆ ಮಾತ್ರ ಸಲ್ಲುವುದಲ್ಲ. ೧೯೯೭ರಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆಯು ಹುಟ್ಟಿದಂದಿನಿಂದ ಬೆಂಗಳೂರಿನಲ್ಲಿ ವೀಡಿಯೋ ಆಟದ ಉದ್ಯಮವು ನಡೆದುಬಂದಿದೆ. ಆ ವಿದ್ಯೆಯನ್ನು ಬಲ್ಲ ನಮ್ಮ ತರುಣರು ನಾಳೆ ಗದಾಯುದ್ಧವನ್ನೋ ಕಿರಾತವನ್ನೋ ಆಟವಾಗಿ ಕಟ್ಟಹೊರಟರೆ, ಪ್ರತಿನಾಯಕನ ಹದಿಮೂರು ವರ್ಷಗಳನ್ನು ಮರೆಯದಿರಲೆಂದು ಹೇಳುವ ಹೊಣೆಯು ಕಾವ್ಯವನ್ನು ಬಲ್ಲವರದು.

ಆದರೆ ಅದಕ್ಕಿಂತ ಹತ್ತಿರದ ಹೊಣೆಯೊಂದುಂಟು. ವಿದ್ಯಾರ್ಥಿಗಳಿಗೆ ಹಳಗನ್ನಡವು ಕಷ್ಟವೆಂದು ಪಂಪರನ್ನರ ಪದ್ಯಗಳನ್ನು ಪಾಠದಿಂದ ತೆಗೆದು ಸಾರಾಂಶವನ್ನಿಡುವುದು, ಉತ್ತರಿಸುವವನ ಶಕ್ತಿಯನ್ನು ನೋಡಿಕೊಂಡು ಪ್ರಶ್ನೆಯನ್ನು ಬರೆಯುವುದು, ಇವು ನಾಯಕನ ಅಳತೆಗೆ ಲೋಕವನ್ನು ಹೊಲಿಯುವ ಕೆಲಸವಲ್ಲದೆ ಬೇರೆಯಲ್ಲ. ವರ್ಷವರ್ಷವೂ ತರಗತಿಯ ಸಂಖ್ಯೆಯು ಏರುತ್ತದೆ. ಏರಿದೆನೆಂಬ ಪ್ರತ್ಯಭಿಜ್ಞೆಯು ಹುಡುಗನಿಗೆ ದೊರೆಯುವುದಿಲ್ಲ. ಅದೇ ಹುಡುಗನು ಬೀದಿಯಲ್ಲಿ ನಿಂತು, ನನ್ನ ಶ್ರಮಕ್ಕೆ ಸ್ಥಿರವಾದ ಅಳತೆಯಿಲ್ಲದ ಆಟ ನನಗೆ ಬೇಡವೆಂದು ವಾದಿಸುತ್ತಾನೆ. ಕಷ್ಟಕ್ಕೆ ಹೆದರುವವನ ಮಾತು ಇದಲ್ಲ. ಅವನ ಮುಂದೆ ರನ್ನನ ಪದ್ಯವನ್ನು ಇದ್ದಂತೆಯೇ ಇಟ್ಟು, ಪಕ್ಕದಲ್ಲಿ ಕುಳಿತು ತೆಂಗಿನಕಾಯಿಯನ್ನು ಒಡೆದುಕೊಡಲು ಅಧ್ಯಾಪಕರು ಸಿದ್ಧರಾದರೆ, ಅವನು ಓದಲಾರನೆಂದು ಹೇಳುವುದಕ್ಕೆ ನನಗೆ ಯಾವ ಪ್ರಮಾಣವೂ ಕಾಣುವುದಿಲ್ಲ.